ಪರದೆಯೊಳಗಿನ ಅಡುಗೆಮನೆ, ಬಸ್ಸು, ಅಂಗಡಿ

ಪರದೆಯ ಮೇಲೆ ಒಂದು ಅಡುಗೆಮನೆ. ಕಟ್ಟೆಯ ಮೇಲೆ ಅಡುಗೆ ಮಾಡುವ ವಿಧಾನ ಬರೆದಿಟ್ಟ ಚೀಟಿ ಇದೆ. ಅದನ್ನು ಎತ್ತಿಕೊಂಡು ಓದಬೇಕು. ಕಪಾಟು ತೆರೆದು, ಫ್ರಿಜ್ ತೆರೆದು ಯಾವ ಸಾಮಾನು ಮನೆಯಲ್ಲೇ ಇದೆ ಎಂದು ನೋಡಬೇಕು, ಇದ್ದದ್ದನ್ನು ಪಟ್ಟಿಯಲ್ಲಿ ಹೊಡೆದುಹಾಕಬೇಕು. ಬಸ್ಸಿನ ವೇಳಾಪಟ್ಟಿ ಮತ್ತು ಪರ್ಸನ್ನು ಮರೆಯದೆ ತೆಗೆದುಕೊಂಡು ಹೊರಡಬೇಕು. ನಿಲ್ದಾಣದಲ್ಲಿ ಬಂದ ಬಸ್ಸನ್ನೆಲ್ಲ ಹತ್ತುವಂತಿಲ್ಲ, ಅಂಗಡಿಯ ಕಡೆ ಹೋಗುವ ಬಸ್ಸಿಗಾಗಿ ಕಾಯಬೇಕು. ಚಿಲ್ಲರೆ ಎಣಿಸಿ ಟಿಕೆಟ್ಟಿನ ಹಣವನ್ನು ಸರಿಯಾಗಿ ಕೊಡಬೇಕು. ಅಂಗಡಿಯಲ್ಲಿ ಬೇಕಾದ ಸಾಲು ಹುಡುಕಿ, ಪಟ್ಟಿಯಲ್ಲಿ ಉಳಿದದ್ದನ್ನಷ್ಟೇ ಕೊಂಡು, ಲೆಕ್ಕಕ್ಕೆ ಸರಿಯಾಗಿ ಹಣ ಕೊಟ್ಟು, ಮತ್ತೆ ಬಸ್ಸು ಹಿಡಿದು ಮನೆಗೆ ಮರಳಬೇಕು.

ಸುಮಾರು ಅರ್ಧ ಗಂಟೆ ಹಿಡಿಯುವ ಈ ಓಡಾಟ ವಿಡಿಯೊ ಗೇಮಿನಂತೆ ಕಂಡರೂ ವೈದ್ಯಕೀಯ ಪರೀಕ್ಷೆ. ಹೆಸರು ವಿಆರ್‌ಎಫ್‌ಕ್ಯಾಟ್. ಸ್ಕಿಜೋಫ್ರೇನಿಯಾ ಇರುವವರು ದಿನನಿತ್ಯದ ಕೆಲಸಗಳಲ್ಲಿ ಎಲ್ಲಿ ತೊಡಕುತ್ತಾರೆ ಎಂಬುದನ್ನು ಅಳೆಯಲು ಇದನ್ನು ರೂಪಿಸಿದ್ದು ಡ್ಯೂಕ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಿಚರ್ಡ್ ಕೀಫ್ ಮತ್ತು ಅಮೆರಿಕದ ಉತ್ತರ ಕೆರೊಲಿನಾದ ಡರ್ಹಮ್ ನಗರದಲ್ಲಿದ್ದ ನ್ಯೂರೋಕಾಗ್ ಟ್ರಯಲ್ಸ್ ಎಂಬ ಸಂಸ್ಥೆ.

ಈ ಕಾಯಿಲೆಯ ಹೆಸರು ಕೇಳಿದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಯಾರೂ ಆಡದ ಮಾತು ಕಿವಿಗೆ ಬೀಳುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಸಂಶಯ, ಅಸಂಬದ್ಧ ಮಾತು. ಅವು ನಿಜವಾದ ಲಕ್ಷಣಗಳೇ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನ್ ಎಂಬ ಔಷಧಿ ಬಳಸಲು ಆರಂಭಿಸಿದಂದಿನಿಂದ ಅವನ್ನು ಹತೋಟಿಗೆ ತರುವ ಮಾತ್ರೆಗಳು ಒಂದಾದ ಮೇಲೊಂದು ಬಂದಿವೆ. ಆದರೆ ಮನೆಯವರನ್ನು ವರ್ಷಗಟ್ಟಲೆ ಕಾಡುವುದು ಹಲವು ಬಾರಿ ಬೇರೆಯದೇ ಸಂಗತಿ. ಧ್ವನಿಗಳು ನಿಂತಿವೆ, ನಿದ್ದೆ ಬರುತ್ತಿದೆ, ಜಗಳವಿಲ್ಲ. ಆದರೂ ಮಗನಿಗೆ ನಾಲ್ಕು ಸಾಮಾನು ಹೇಳಿ ಅಂಗಡಿಗೆ ಕಳಿಸಿದರೆ ಎರಡು ತರುತ್ತಾನೆ. ಒಲೆಯ ಮೇಲೆ ಹಾಲಿಟ್ಟ ಮಗಳು ಅದನ್ನು ಮರೆತು ಬಾಗಿಲಲ್ಲಿ ನಿಂತಿರುತ್ತಾಳೆ. ಕೆಲಸಕ್ಕೆ ಸೇರಿದವರು ಮೇಲ್ವಿಚಾರಕ ಒಟ್ಟಿಗೆ ಹೇಳಿದ ಮೂರು ಮಾತಿನಲ್ಲಿ ಒಂದನ್ನು ಹಿಡಿದು ಉಳಿದೆರಡನ್ನು ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಇದಕ್ಕೆ ಸಿಗುವ ಹೆಸರು ಸೋಮಾರಿತನ, ಉಡಾಫೆ, ಹಟ. ಆ ಹೆಸರಿನಿಂದ ಆಗುವ ಗಾಯ ಸಣ್ಣದಲ್ಲ.

ಇಲ್ಲಿ ಕುಗ್ಗಿರುವುದು ಯೋಚನೆಯ ಸಲಕರಣೆಗಳು. ಗಮನ ನಿಲ್ಲಿಸುವುದು, ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಯಾವುದು ಮೊದಲು ಯಾವುದು ನಂತರ ಎಂದು ಹೊಂದಿಸುವುದು, ಎದುರಿನವರ ಮುಖಭಾವ ಓದುವುದು, ಇವೆಲ್ಲ ನಿಧಾನವಾಗುತ್ತವೆ. ಎಷ್ಟೋ ಮಂದಿಯಲ್ಲಿ ಈ ಕುಂದು ಮೊದಲ ಭ್ರಮೆ ಕಾಣಿಸುವುದಕ್ಕೂ ಮುಂಚೆಯೇ ಶುರುವಾಗಿರುತ್ತದೆ, ಭ್ರಮೆ ಹೋದ ಮೇಲೂ ಉಳಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಎರಡು ಕೋಟಿಗೂ ಹೆಚ್ಚು ಜನರಿಗೆ ಸ್ಕಿಜೋಫ್ರೇನಿಯಾ ಇದೆ. ಅವರಲ್ಲಿ ಯಾರು ಒಬ್ಬಂಟಿಯಾಗಿ ಬದುಕಬಲ್ಲರು, ಯಾರು ಕೆಲಸ ಉಳಿಸಿಕೊಳ್ಳಬಲ್ಲರು ಎಂಬುದನ್ನು ನಿರ್ಧರಿಸುವುದರಲ್ಲಿ ಈ ಕುಂದಿನ ಪಾಲು ದೊಡ್ಡದು. ಇದಕ್ಕೆಂದೇ ಅನುಮತಿ ಪಡೆದ ಔಷಧಿ ಇನ್ನೂ ಒಂದೂ ಇಲ್ಲ.

ಔಷಧಿ ಹುಡುಕಬೇಕಾದರೆ ಮೊದಲು ಅಳತೆಗೋಲು ಬೇಕು. 2000ದ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಮೆಟ್ರಿಕ್ಸ್ ಎಂಬ ಯೋಜನೆಯಡಿ ತಜ್ಞರನ್ನು ಕೂಡಿಸಿ, ಏಳು ಬಗೆಯ ಯೋಚನಾಶಕ್ತಿಯನ್ನು ಅಳೆಯುವ ಹತ್ತು ಪರೀಕ್ಷೆಗಳ ಒಂದು ಕಟ್ಟು ಸಿದ್ಧಪಡಿಸಿತು. ಪದಗಳ ಪಟ್ಟಿ ಕೇಳಿ ಮರಳಿ ಹೇಳುವುದು, ಸಂಕೇತಗಳನ್ನು ಬೇಗ ತುಂಬುವುದು, ಚಕ್ರವ್ಯೂಹದ ಚಿತ್ರದಲ್ಲಿ ದಾರಿ ಬಿಡಿಸುವುದು, ಹೀಗೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದನ್ನು ಒಪ್ಪಿತು, ಆದರೆ ಇದೊಂದೇ ಸಾಲದು ಎಂದಿತು. ಪದಗಳ ಪಟ್ಟಿಯಲ್ಲಿ ಎರಡು ಅಂಕ ಹೆಚ್ಚಾದರೆ ರೋಗಿಯ ಬದುಕಿನಲ್ಲಿ ಏನು ಬದಲಾಯಿತು? ಅದನ್ನೂ ತೋರಿಸಬೇಕು. ಈ ಪ್ರಶ್ನೆ ಆಡಳಿತದ ಕಟ್ಟುಪಾಡಿನಂತೆ ಕಾಣಬಹುದು, ಆದರೆ ಇದು ತಾಯಿ ತಂದೆ ಕೇಳುವ ಪ್ರಶ್ನೆಯೇ.

ಉತ್ತರಕ್ಕೆ ದಾರಿಗಳು ಆಗಲೂ ಇದ್ದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಥಾಮಸ್ ಪ್ಯಾಟರ್ಸನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಉಪ್ಸಾ ಪರೀಕ್ಷೆಯಲ್ಲಿ ಮೇಜಿನ ಮೇಲೆ ಫೋನು, ಬಿಲ್ಲು, ನೋಟು ಚಿಲ್ಲರೆ, ಬಸ್ಸಿನ ನಕ್ಷೆ ಇಟ್ಟು, ‘ಈಗ ಆಸ್ಪತ್ರೆಗೆ ಫೋನ್ ಮಾಡಿ ಭೇಟಿಯ ದಿನ ಬದಲಿಸಿ’ ಎಂಬಂಥ ಕೆಲಸಗಳನ್ನು ಅಭಿನಯಿಸಿ ತೋರಿಸಲು ಹೇಳುತ್ತಾರೆ. ಒಳ್ಳೆಯ ಪರೀಕ್ಷೆ. ಆದರೆ ಅಂಕ ಕೊಡುವವರಿಗೆ ತರಬೇತಿ ಬೇಕು, ಸಾಮಗ್ರಿ ಬೇಕು. ಮೇಲಾಗಿ ಒಮ್ಮೆ ಮಾಡಿದವರಿಗೆ ಎರಡನೆಯ ಸಲ ಉತ್ತರ ನೆನಪಿರುತ್ತದೆ, ಆಗ ಏರಿದ ಅಂಕ ಔಷಧಿಯದೋ ಅಭ್ಯಾಸದ್ದೋ ತಿಳಿಯುವುದಿಲ್ಲ. ಮನೆಯವರನ್ನು ಕೇಳಿ ತಿಳಿಯುವ ಪ್ರಶ್ನಾವಳಿಗಳಿವೆ, ಆದರೆ ಎಷ್ಟೋ ರೋಗಿಗಳ ಜೊತೆ ಆಸ್ಪತ್ರೆಗೆ ಬರುವವರೇ ಇರುವುದಿಲ್ಲ.

ಪರದೆಯ ಪರೀಕ್ಷೆ ಈ ಕಷ್ಟಗಳನ್ನು ಬಹುಮಟ್ಟಿಗೆ ದಾಟುತ್ತದೆ. ಹೆಸರಿನಲ್ಲಿರುವ ‘ವಿಆರ್’ ಎಂದರೆ ವರ್ಚುವಲ್ ರಿಯಾಲಿಟಿ, ಆದರೆ ಹಾಗೆಂದಾಕ್ಷಣ ಕಣ್ಣಿಗೆ ಕಟ್ಟುವ ದಪ್ಪ ಕನ್ನಡಕ ಇಲ್ಲಿಲ್ಲ, ಕಂಪ್ಯೂಟರ್ ಅಥವಾ ಟ್ಯಾಬ್ಲೆಟ್ ಸಾಕು. ನಾಲ್ಕು ದೃಶ್ಯಗಳಲ್ಲಿ ಹನ್ನೆರಡು ಗುರಿಗಳಿವೆ. ಪ್ರತಿ ಗುರಿಗೂ ಯಂತ್ರ ಮೂರು ಸಂಗತಿಗಳನ್ನು ದಾಖಲಿಸುತ್ತದೆ: ಎಷ್ಟು ಸಮಯ ಹಿಡಿಯಿತು, ಎಷ್ಟು ತಪ್ಪಾಯಿತು, ಮುಂದೆ ಹೋಗಲಾಗದೆ ಯಂತ್ರವೇ ಮುಂದಕ್ಕೆ ದಾಟಿಸಬೇಕಾಯಿತೇ. ಮೂರನೆಯದರಲ್ಲಿ ಕರುಣೆಯೂ ಜಾಣತನವೂ ಇವೆ. ಬಸ್ ನಿಲ್ದಾಣದಲ್ಲಿ ಸಿಕ್ಕಿಕೊಂಡವರು ಅಲ್ಲೇ ಸೋತು ಕೂರುವುದಿಲ್ಲ. ಅವರನ್ನು ಬಸ್ಸಿಗೆ ಹತ್ತಿಸಲಾಗುತ್ತದೆ, ಹಣ ಎಣಿಸುವ ಶಕ್ತಿ ಹೇಗಿದೆ ಎಂಬುದು ಆ ಕಾರಣಕ್ಕೇ ತಿಳಿಯುತ್ತದೆ. ಪರೀಕ್ಷೆಗೆ ಆರು ಬೇರೆ ಬೇರೆ ರೂಪಗಳಿರುವುದರಿಂದ, ಔಷಧಿಗೆ ಮುಂಚೆ ಒಂದು, ನಂತರ ಇನ್ನೊಂದು ಕೊಡಬಹುದು.

ಒಂದೊಂದು ಗುರಿಯೂ ಒಂದಕ್ಕಿಂತ ಹೆಚ್ಚು ಶಕ್ತಿಗಳನ್ನು ಒಟ್ಟಿಗೆ ಎಳೆಯುತ್ತದೆ. ಫ್ರಿಜ್ಜಿನ ಬಾಗಿಲು ತೆರೆದವರ ತಲೆಯಲ್ಲಿ ಪಟ್ಟಿ ಇನ್ನೂ ಇರಬೇಕು, ಕಂಡದ್ದನ್ನು ಅದರೊಡನೆ ಹೋಲಿಸಬೇಕು, ಪಟ್ಟಿಯಲ್ಲಿಲ್ಲದ ವಸ್ತುವಿನ ಮೇಲೆ ಹೋದ ಗಮನವನ್ನು ಹಿಂದಕ್ಕೆ ತರಬೇಕು. ಬಸ್ಸಿಗೆ ಕಾಯುವಾಗ ಮೊದಲು ಬಂದದ್ದನ್ನು ಹತ್ತುವ ತವಕವನ್ನು ತಡೆಯಬೇಕು. ಪದಗಳ ಪಟ್ಟಿಯ ಪರೀಕ್ಷೆ ಇವನ್ನು ಬಿಡಿಬಿಡಿಯಾಗಿ ನೋಡುತ್ತದೆ. ಬದುಕು ಅವನ್ನು ಬಿಡಿಯಾಗಿ ಕೇಳುವುದೇ ಇಲ್ಲ.

ಕೀಫ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 167 ರೋಗಿಗಳೂ 166 ಆರೋಗ್ಯವಂತರೂ ಭಾಗವಹಿಸಿದ್ದರು. ಎರಡು ಗುಂಪುಗಳ ನಡುವಿನ ಅಂತರ ಎದ್ದು ಕಂಡದ್ದು ಒಟ್ಟು ಸಮಯದಲ್ಲಿ. ರೋಗಿಗಳು ಬಹಳ ನಿಧಾನವಾಗಿದ್ದರು. ಅದೇ ಜನರಿಗೆ ಮತ್ತೆ ಪರೀಕ್ಷೆ ಕೊಟ್ಟಾಗ ಫಲಿತಾಂಶ ಬಹುತೇಕ ಹೊಂದಿಕೆಯಾಯಿತು, ಮೆಟ್ರಿಕ್ಸ್ ಅಂಕಗಳೊಂದಿಗೂ ಸ್ಪಷ್ಟವಾದ ನಂಟಿತ್ತು. ಹೊರಗಿನವರಿಗೆ ಬರೀ ಆಲಸ್ಯವಾಗಿ ಕಂಡದ್ದು ಇಲ್ಲಿ ನಿಮಿಷ ಸೆಕೆಂಡುಗಳ ಲೆಕ್ಕದಲ್ಲಿ ಸಿಕ್ಕಿತು.

ವರ್ಚುವಲ್ ಲೋಕವನ್ನು ಮನಸ್ಸಿನ ಇನ್ನೊಂದು ಮಗ್ಗುಲಿಗೂ ಬಳಸಿದವರಿದ್ದಾರೆ. ಬ್ರಿಟನ್ನಿನ ಮನೋವಿಜ್ಞಾನಿ ಡೇನಿಯಲ್ ಫ್ರೀಮನ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 200 ಮಂದಿ ಸಾಮಾನ್ಯ ಜನರಿಗೆ ಕನ್ನಡಕ ತೊಡಿಸಿ ಲಂಡನ್ನಿನ ಸುರಂಗ ರೈಲಿನಲ್ಲಿ ಕೆಲವೇ ನಿಮಿಷಗಳ ಪ್ರಯಾಣ ಮಾಡಿಸಿದರು. ಬೋಗಿಯಲ್ಲಿದ್ದ ಕೃತಕ ಪ್ರಯಾಣಿಕರು ಯಾರಿಗೂ ಏನೂ ಮಾಡುವುದಿಲ್ಲ, ಆದರೂ ಕೆಲವರಿಗೆ ಅವರು ತಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದಾರೆ ಅನ್ನಿಸಿತು. ನಿಜವಾದ ರೈಲಿನಲ್ಲಿ ಇದನ್ನು ಪರೀಕ್ಷಿಸಲಾಗದು, ಅಲ್ಲಿ ಒಬ್ಬರು ನಿಜವಾಗಿಯೂ ನೋಡಿರಬಹುದು. ಮುಂದೆ ಇದೇ ಹಾದಿ ಚಿಕಿತ್ಸೆಗೂ ತಿರುಗಿತು. 2022ರಲ್ಲಿ ಪ್ರಕಟವಾದ ಗೇಮ್‌ಚೇಂಜ್ ಪ್ರಯೋಗದಲ್ಲಿ ಇಂಗ್ಲೆಂಡಿನ 346 ರೋಗಿಗಳು ಪಾಲ್ಗೊಂಡರು. ಮನೆಯಿಂದ ಹೊರಬರಲು ಹೆದರುವವರು ಅದರಲ್ಲಿ ಕೃತಕ ಬಸ್ಸು, ಕೆಫೆ, ಅಂಗಡಿಗಳಲ್ಲಿ ಧೈರ್ಯ ಅಭ್ಯಾಸ ಮಾಡಿದರು.

ಅಳತೆ ಎಷ್ಟೇ ಚೆನ್ನಾಗಿದ್ದರೂ ಔಷಧಿ ಗೆಲ್ಲಲೇಬೇಕೆಂದಿಲ್ಲ. ಬೋರಿಂಗರ್ ಇಂಗೆಲ್‌ಹೈಮ್ ಕಂಪನಿಯ ಐಕ್ಲೆಪರ್ಟಿನ್ ಎಂಬ ಮಾತ್ರೆಯ ಮೇಲೆ ದೊಡ್ಡ ಭರವಸೆಯಿತ್ತು. ಹಲವು ದೇಶಗಳಲ್ಲಿ 1,800ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಮೂರು ಪ್ರಯೋಗಗಳಲ್ಲಿ ಮೆಟ್ರಿಕ್ಸ್ ಜೊತೆಗೆ ಈ ಅಡುಗೆಮನೆ-ಬಸ್ಸಿನ ಪರೀಕ್ಷೆಯನ್ನೂ ಬಳಸಿದರು. 2025ರ ಜನವರಿಯಲ್ಲಿ ಫಲಿತಾಂಶ ಬಂತು. ಮಾತ್ರೆ ನುಂಗಿದವರಿಗೂ ಹುಸಿಮಾತ್ರೆ ನುಂಗಿದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸದ್ಯಕ್ಕೆ ಈ ಕುಂದಿಗೆ ನೆರವಾಗುತ್ತಿರುವುದು ಯೋಚನಾಶಕ್ತಿಯ ತರಬೇತಿ, ಅದೂ ಉದ್ಯೋಗ ಅಥವಾ ಪುನರ್ವಸತಿಯ ಜೊತೆ ಕೊಟ್ಟಾಗ ಹೆಚ್ಚು.

ಮಾಡಬಲ್ಲೆ ಎನ್ನುವುದು ಬೇರೆ, ಮಾಡುತ್ತಿದ್ದೇನೆ ಎನ್ನುವುದು ಬೇರೆ. ಪರದೆಯ ಬಸ್ಸನ್ನು ಸರಿಯಾಗಿ ಹಿಡಿದವರೂ ಜನರ ಭಯದಿಂದ ನಿಜವಾದ ಬಸ್ಸು ಹತ್ತದಿರಬಹುದು. ಭಾರತದಲ್ಲಿ ಹೆಚ್ಚಿನ ರೋಗಿಗಳು ಕುಟುಂಬದ ಜೊತೆಗಿರುತ್ತಾರೆ. ಅಡುಗೆ ತಾಯಿಯದು, ವ್ಯವಹಾರ ಅಣ್ಣನದು, ಹೀಗಿರುವಾಗ ಉಳಿದಿರುವ ಶಕ್ತಿಯೂ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಐಡಿಯಾಸ್ ಮಾಪನವು ಸ್ವಂತ ಆರೈಕೆ, ಸಂಬಂಧಗಳು, ಸಂವಹನ, ಕೆಲಸ ಎಂಬ ನಾಲ್ಕು ನೆಲೆಗಳನ್ನು ನೋಡುತ್ತದೆ, ಮಾಹಿತಿ ಸಿಗುವುದು ಮುಖ್ಯವಾಗಿ ರೋಗಿ ಮತ್ತು ಮನೆಯವರ ಮಾತಿನಿಂದ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ವರ್ಷಗಳ ಕಾಲ ನಡೆಸಿದ ಅಧ್ಯಯನದಲ್ಲೂ ಅದನ್ನೇ ಬಳಸಿದರು. ಚಿಕಿತ್ಸೆ ಪಡೆದವರಲ್ಲಿ ವೈಕಲ್ಯ ಕಡಿಮೆ ಎಂಬುದನ್ನು ಆ ಅಧ್ಯಯನ ತೋರಿಸಿತು.

ಅಂಥ ಊರಿಗೆ ಡರ್ಹಮ್ಮಿನ ಸೂಪರ್‌ಮಾರ್ಕೆಟ್ಟನ್ನು ಹಾಗೇ ತಂದರೆ ನಡೆಯದು. ಕಿರಾಣಿ ಅಂಗಡಿಯಲ್ಲಿ ಸಾಲು ಹುಡುಕುವ ಕೆಲಸವಿಲ್ಲ, ಸಾಮಾನು ತೆಗೆದುಕೊಡುವುದು ಅಂಗಡಿಯವನೇ. ಬಸ್ಸಿಗೆ ಸರಿಯಾದ ಚಿಲ್ಲರೆ ಎಣಿಸುವ ಗುರಿಯೂ ಇಲ್ಲಿ ಅರ್ಧ ಜನರಿಗೆ ಹೊಂದುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಮಹಿಳೆಯರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾರೆ. ಅವರ ಮಟ್ಟಿಗೆ ಪರ್ಸಿಗಿಂತ ಗುರುತಿನ ಚೀಟಿ ನೆನಪಿಟ್ಟು ಒಯ್ಯುವುದೇ ಪರೀಕ್ಷೆ. ಅಂಗಡಿಯಲ್ಲಿ ನೋಟಿನ ಬದಲು ಫೋನಿನಲ್ಲಿ ಕ್ಯೂಆರ್ ಕೋಡ್ ಹಿಡಿದು, ಮೊತ್ತ ಒತ್ತಿ, ಗುಪ್ತಸಂಖ್ಯೆ ನೆನಪಿಸಿಕೊಳ್ಳಬೇಕು. ಇವನ್ನೆಲ್ಲ ಸೇರಿಸಿ ಕನ್ನಡದ ಬೋರ್ಡು ಹಾಕಿದ ಬಸ್ಸು ಮಾಡಿದರೂ, ಅದೇ ಊರಿನ ಆರೋಗ್ಯವಂತರಿಗೆ ಅದೇ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲು ಅಳೆಯಬೇಕು. ಟ್ಯಾಬ್ಲೆಟ್ಟನ್ನೇ ಮುಟ್ಟದ ಅರವತ್ತರ ರೈತನೂ ಪರದೆಯ ಮುಂದೆ ತಡಮಾಡುತ್ತಾನೆ. ಆ ತಡವನ್ನು ಕಾಯಿಲೆಯ ಲೆಕ್ಕಕ್ಕೆ ಹಾಕುವಂತಿಲ್ಲ.