ಬಿಳಿಚುಕ್ಕೆಯ ಬೆನ್ನು ಹತ್ತಿದವರು

ಅಕ್ವೇರಿಯಂ ಇಟ್ಟವರಿಗೆಲ್ಲ ಒಂದಲ್ಲ ಒಂದು ಸಲ ಎದುರಾಗುವ ರೋಗ ಇದು. ಮೀನಿನ ಬಾಲ, ರೆಕ್ಕೆ, ಮೈಮೇಲೆಲ್ಲ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಏಳುತ್ತವೆ. ಮೀನು ಕಲ್ಲಿಗೆ, ಗಿಡದ ಬುಡಕ್ಕೆ ಮೈ ಉಜ್ಜುತ್ತದೆ, ಕಿವಿರು ಬೇಗಬೇಗ ಬಡಿಯುತ್ತದೆ, ಮೇವಿನತ್ತ ತಿರುಗಿಯೂ ನೋಡುವುದಿಲ್ಲ. ಅಂಗಡಿಯಿಂದ ಔಷಧ ತಂದು ಹಾಕಿದರೆ ಮೂರು ನಾಲ್ಕು ದಿನದಲ್ಲಿ ಚುಕ್ಕೆ ಮಾಯ. ಸದ್ಯ, ಮೀನು ಬದುಕಿತು ಎಂದುಕೊಂಡು ಔಷಧ ನಿಲ್ಲಿಸುತ್ತೇವೆ. ವಾರ ಕಳೆಯುವಷ್ಟರಲ್ಲಿ ಮೊದಲಿಗಿಂತ ಹೆಚ್ಚು ಚುಕ್ಕೆ ಬಂದಿರುತ್ತದೆ, ಈ ಸಲ ತೊಟ್ಟಿಯ ಎಲ್ಲ ಮೀನುಗಳ ಮೇಲೂ.

ಹಾಗಾದರೆ ಔಷಧ ಕೆಲಸ ಮಾಡಿತೋ, ಇಲ್ಲವೋ? ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹಲವು ದೇಶಗಳ ಜನ ಒಬ್ಬರ ನಂತರ ಒಬ್ಬರು ಸೇರಿಸಿದ ಉತ್ತರ ಅದು.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಯುರೋಪಿನ ದೊಡ್ಡ ಊರುಗಳಲ್ಲಿ ಸಾರ್ವಜನಿಕ ಅಕ್ವೇರಿಯಂಗಳು ತೆರೆದವು. ಲಂಡನ್ನಿನದು 1853ರಲ್ಲಿ, ಹ್ಯಾಂಬರ್ಗಿನದು 1864ರಲ್ಲಿ. ಕೆರೆ ಹೊಳೆಗಳಲ್ಲಿ ಮೀನು ಸತ್ತರೆ ತೇಲಿಬಂದ ಹೆಣ ಮಾತ್ರ ಕಾಣುತ್ತದೆ. ಗಾಜಿನ ಹಿಂದಿರುವ ಮೀನಿಗೆ ರೋಗ ಬಂದರೆ ಅದು ಮೈಗೇರುವುದನ್ನು ದಿನದಿನವೂ ನೋಡಬಹುದು. ಹ್ಯಾಂಬರ್ಗಿನ ಮೃಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಫ್ರಾಂಜ್ ಹಿಲ್ಗೆನ್‌ಡಾರ್ಫ್ ಅದನ್ನು ನೋಡಿದ. ಸ್ಟೈನ್‌ಹೈಮ್‌ನ ಬಸವನಹುಳು ಪಳೆಯುಳಿಕೆಗಳನ್ನು ಪದರ ಪದರವಾಗಿ ಜೋಡಿಸಿ, ಜೀವಿಗಳು ಕಾಲಕ್ರಮದಲ್ಲಿ ಮಾರ್ಪಡುತ್ತವೆ ಎಂದು ತೋರಿಸಿದ ಪ್ರಾಣಿಶಾಸ್ತ್ರಜ್ಞ ಈತನೇ. 1869ರಲ್ಲಿ ಹಿಲ್ಗೆನ್‌ಡಾರ್ಫ್ ಮತ್ತು ಪೌಲಿಕಿ ಒಂದು ಪುಟ್ಟ ವರದಿ ಬರೆದರು. ಸಿಹಿನೀರಿನ ಮೀನಿನ ಚರ್ಮದಲ್ಲಿ ಒಂದು ಏಕಕೋಶಜೀವಿ ಮನೆ ಮಾಡಿಕೊಂಡಿದೆ ಎಂಬುದು ಅದರ ಸಾರ. ಚುಕ್ಕೆ ಎಂದರೆ ಗಾಯವಲ್ಲ, ಕೀವಲ್ಲ, ಬೂಸ್ಟೂ ಅಲ್ಲ. ಪ್ರತಿ ಚುಕ್ಕೆಯೂ ಒಂದು ಜೀವಿ.

1876ರಲ್ಲಿ ಫ್ರಾನ್ಸಿನ ಫೂಕೆ ಅದಕ್ಕೆ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂದು ಹೆಸರಿಟ್ಟ. ಮೀನು ಸಾಕುವವರ ಬಾಯಲ್ಲಿ ಅದೇ ಇಂದು ‘ಇಕ್’ ಆಗಿದೆ. ಹೆಸರಿಗಿಂತ ದೊಡ್ಡದು ಆತ ಕಂಡುಕೊಂಡ ಸಂಗತಿ. ಈ ಜೀವಿ ಮೀನಿನ ಮೈಮೇಲೆ ಬೆಳೆಯುತ್ತದೆ, ಮರಿ ಮಾಡುವುದು ಮಾತ್ರ ಬೇರೆ ಕಡೆ. ಬಲಿತ ಮೇಲೆ ಮೀನನ್ನು ಬಿಟ್ಟು ನೀರಿಗಿಳಿದು, ಸುತ್ತ ಒಂದು ಕೋಶ ಕಟ್ಟಿಕೊಂಡು ಅದರೊಳಗೆ ಒಡೆದು ಹಲವಾಗುತ್ತದೆ. ಇಂದು ನಾವು ಮಾಡುವ ಚಿಕಿತ್ಸೆಗೆಲ್ಲ ಈ ಒಂದು ಮಾತೇ ಬುನಾದಿ.

ಅದನ್ನು ಕಣ್ಣಾರೆ ನೋಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ರೋಗ ಬಂದ ಮೀನಿನ ಮೈಯಿಂದ ಒಂದಿಷ್ಟು ಲೋಳೆಯನ್ನು ಹಗುರವಾಗಿ ಕೆರೆದು, ತೊಟ್ಟಿಯ ನೀರಿನ ಒಂದು ಹನಿಯೊಂದಿಗೆ ಗಾಜಿನ ಪಟ್ಟಿಯ ಮೇಲಿಟ್ಟು, ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ದುಂಡಗಿನ, ಕಂದು ಬಣ್ಣದ ಜೀವಿಯೊಂದು ಮೆಲ್ಲಗೆ ಹೊರಳುತ್ತಿರುತ್ತದೆ. ಮೈತುಂಬ ಸಣ್ಣ ರೋಮಗಳು ಬಡಿಯುತ್ತಿರುತ್ತವೆ. ಒಳಗೆ ಕುದುರೆ ಲಾಳದ ಆಕಾರದ ಬೀಜಕೇಂದ್ರ ಎದ್ದು ಕಾಣುತ್ತದೆ. ಆ ಲಾಳ ಕಂಡರೆ ರೋಗ ಇದೇ ಎಂದು ನಿಶ್ಚಯ. ಇದು ಮೀನಿನ ಹೊರಚರ್ಮದ ಮೇಲೆ ಕುಳಿತಿರುವುದಿಲ್ಲ, ಅದರ ಕೆಳಗೆ ಸೇರಿಕೊಂಡು ಅಲ್ಲಿನ ಜೀವಕೋಶಗಳನ್ನು ತಿನ್ನುತ್ತ ಬೆಳೆಯುತ್ತದೆ. ಮೀನಿನ ಚರ್ಮವೇ ಅದಕ್ಕೆ ಹೊದಿಕೆ. ನೀರಿಗೆ ಹಾಕಿದ ಔಷಧ ಆ ಹೊದಿಕೆ ದಾಟಿ ಒಳಗೆ ಹೋಗುವುದು ಕಷ್ಟ.

ಬಲಿತ ಜೀವಿ ಅರ್ಧದಿಂದ ಒಂದು ಮಿಲಿಮೀಟರಿನಷ್ಟಾಗುತ್ತದೆ. ಆಗ ಚರ್ಮ ಹರಿದು ಹೊರಬಂದು ಜಲ್ಲಿ, ಗಿಡ, ಗಾಜು ಹೀಗೆ ಸಿಕ್ಕಿದ್ದಕ್ಕೆ ಅಂಟಿಕೊಂಡು ಸುತ್ತ ಲೋಳೆಯ ಕೋಶ ಕಟ್ಟುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು ಮರಿಗಳಾಗುತ್ತವೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇದಕ್ಕೆಲ್ಲ ಸುಮಾರು ಒಂದು ದಿನ ಸಾಕು. ಕೋಶ ಒಡೆದು ಹೊರಬರುವ ಮರಿ ಒಂದು ಮಿಲಿಮೀಟರಿನ ಇಪ್ಪತ್ತು ಮೂವತ್ತರಲ್ಲಿ ಒಂದು ಪಾಲಿನಷ್ಟು, ಬರಿಗಣ್ಣಿಗೆ ಕಾಣುವುದಿಲ್ಲ. ಒಂದೆರಡು ದಿನದಲ್ಲಿ ಅದಕ್ಕೆ ಮೀನು ಸಿಗದಿದ್ದರೆ ಸಾವು. ಅದರ ಬಾಳಿನಲ್ಲಿ ಔಷಧಕ್ಕೆ ಸುಲಭವಾಗಿ ಸಿಗುವ ಹೊತ್ತು ಇದೊಂದೇ.

ಒಗಟು ಬಿಡಿಸಿಕೊಳ್ಳುವುದು ಇಲ್ಲಿ. ಮೂರು ನಾಲ್ಕು ದಿನದಲ್ಲಿ ಚುಕ್ಕೆ ಹೋದದ್ದು ಔಷಧದಿಂದಲ್ಲ. ಬಲಿತ ಜೀವಿಗಳು ಮರಿ ಮಾಡಲು ತಾವಾಗಿಯೇ ಇಳಿದುಹೋಗಿರುತ್ತವೆ. ಔಷಧ ನಿಲ್ಲಿಸಿದ ಹೊತ್ತಿಗೆ ಜಲ್ಲಿಯ ನಡುವಿನ ಕೋಶಗಳಲ್ಲಿ ಮರಿಗಳು ತಯಾರಾಗುತ್ತಿರುತ್ತವೆ. ಚುಕ್ಕೆ ಕಾಣದ ದಿನಗಳೇ ಚಿಕಿತ್ಸೆ ನಡೆಯಬೇಕಾದ ದಿನಗಳು.

ಔಷಧದ ದಾರಿ ಬಣ್ಣದ ಕಾರ್ಖಾನೆಯಿಂದ ಬಂತು. ಮ್ಯಾಲಕೈಟ್ ಗ್ರೀನ್ 1870ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ಬಟ್ಟೆಗೆ ಹಾಕಲು ತಯಾರಿಸಿದ ಬಣ್ಣ. 1936ರಲ್ಲಿ ಅಮೆರಿಕದ ಫಾಸ್ಟರ್ ಮತ್ತು ವುಡ್‌ಬರಿ ಅದು ಮೀನಿಗೆ ಹಿಡಿಯುವ ಬೂಸ್ಟನ್ನು ಕೊಲ್ಲುತ್ತದೆ ಎಂದು ತೋರಿಸಿದರು. ಬಿಳಿಚುಕ್ಕೆಗೂ ಜನ ಅದನ್ನು ಬಳಸತೊಡಗಿದರು. ಇತ್ತ ಫಾರ್ಮಾಲಿನ್ ಕೂಡ ಬಳಕೆಯಲ್ಲಿತ್ತು. ಎರಡನ್ನೂ ಬೆರೆಸಿದರೆ ಏನಾಗುತ್ತದೆ ಎಂದು ಅಳೆದು ನೋಡಿದವರು ಲೆಟೂ ಮತ್ತು ಮೇಯರ್. 1972ರಲ್ಲಿ ಅವರು ಪ್ರಕಟಿಸಿದ ಅಳತೆ 1000 ಲೀಟರ್ ನೀರಿಗೆ 25 ಮಿಲಿಲೀಟರ್ ಫಾರ್ಮಾಲಿನ್, ಕೇವಲ 0.1 ಗ್ರಾಂ ಮ್ಯಾಲಕೈಟ್ ಗ್ರೀನ್. ಒಂದೊಂದನ್ನೇ ಹಾಕಿದ್ದಕ್ಕಿಂತ ಎರಡೂ ಸೇರಿದಾಗ ಗುಣ ಹೆಚ್ಚು. ಇಂದು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಬಿಳಿಚುಕ್ಕೆ ಔಷಧಗಳಲ್ಲಿ ಹಲವು ಈ ಜೋಡಿಯವೇ. ಮ್ಯಾಲಕೈಟ್ ಗ್ರೀನ್‌ನ ಅಂಶ ಮೀನಿನ ಮಾಂಸದಲ್ಲಿ ಬಹುಕಾಲ ಉಳಿಯುತ್ತದೆ. ಹಾಗಾಗಿ ಯುರೋಪಿನಲ್ಲೂ ಅಮೆರಿಕದಲ್ಲೂ ತಿನ್ನುವ ಮೀನಿಗೆ ಅದನ್ನು ಹಾಕುವಂತಿಲ್ಲ. ಅಲಂಕಾರಿಕ ಮೀನಿಗಷ್ಟೇ ಅದು ಸಲ್ಲುವ ಮದ್ದು.

ಸಮುದ್ರದ ಮೀನುಗಳಲ್ಲಿ ಈ ಕತೆ ಇನ್ನೂ ಬಿಗಿ. 1930ರ ದಶಕದಲ್ಲಿ ಜಪಾನಿನ ಸಿಕಾಮ ಕಡಲಮೀನುಗಳಲ್ಲಿ ಬಿಳಿಚುಕ್ಕೆ ಕಂಡು ವರದಿ ಮಾಡಿದ. 1951ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಲ್ಲಿ ಬ್ರೌನ್ ಅದಕ್ಕೆ ಕ್ರಿಪ್ಟೊಕ್ಯಾರಿಯಾನ್ ಇರಿಟನ್ಸ್ ಎಂದು ಹೆಸರು ಕೊಟ್ಟರು. ನೋಡಲು ಸಿಹಿನೀರಿನ ಜೀವಿಯ ಒಡಹುಟ್ಟಿನಂತಿದ್ದರೂ ವಂಶವಾಹಿ ಅಧ್ಯಯನಗಳು ಬೇರೆಯೇ ಹೇಳಿದವು. 2002ರಲ್ಲಿ ಅದನ್ನು ಬೇರೊಂದು ವರ್ಗಕ್ಕೇ ಸೇರಿಸಲಾಯಿತು. ಎರಡಕ್ಕೂ ಹತ್ತಿರದ ನಂಟಿಲ್ಲ, ಬದುಕುವ ರೀತಿ ಮಾತ್ರ ಒಂದೇ. ಕಡಲಿನ ಜೀವಿಯ ಕೋಶ ಗಟ್ಟಿ. ಕೆಲವು ಕೋಶಗಳು ವಾರದೊಳಗೆ ಒಡೆದರೆ, ಕೆಲವು ಎರಡು ತಿಂಗಳು ದಾಟಿದರೂ ಒಡೆಯುವುದಿಲ್ಲ. ಮೈಲುತುತ್ತದ ತಾಮ್ರ ಈಜುವ ಮರಿಗಳನ್ನು ಕೊಲ್ಲುತ್ತದೆ, ಕೋಶದ ಒಳಗಿರುವುದನ್ನು ಕೊಲ್ಲುವುದಿಲ್ಲ.

ಕೆಂಪು ಸಮುದ್ರದ ದಡದ ಐಲಾತ್‌ನಲ್ಲಿ ಮೀನು ಸಾಕಣೆಯ ಸಂಶೋಧನೆ ಮಾಡುತ್ತಿದ್ದ ಏಂಜೆಲೊ ಕೊಲೊರ್ನಿ ಇಲ್ಲಿ ಬೇರೆ ದಾರಿ ಹಿಡಿದ. ಕೋಶ ಒಡೆಯಲು ಕನಿಷ್ಠ ಮೂರು ದಿನ ಬೇಕು ಎಂದಾದರೆ, ಮೂರು ದಿನಕ್ಕೊಮ್ಮೆ ಮೀನನ್ನೇ ಅಲ್ಲಿಂದ ಎತ್ತಿ ಶುಭ್ರವಾದ ತೊಟ್ಟಿಗೆ ಬಿಟ್ಟರೆ? ಉದುರಿದ ಕೋಶಗಳು ಹಳೆಯ ತೊಟ್ಟಿಯಲ್ಲೇ ಉಳಿಯುತ್ತವೆ. ಮರಿ ಹೊರಬರುವ ಹೊತ್ತಿಗೆ ಅಲ್ಲಿ ಮೀನಿರುವುದಿಲ್ಲ. ಖಾಲಿ ತೊಟ್ಟಿಯನ್ನು ತೊಳೆದು ಒಣಗಿಸಿದರೆ ಮತ್ತೆ ಬಳಸಬಹುದು. ಮೂರು ದಿನಕ್ಕೊಂದರಂತೆ ನಾಲ್ಕು ಸಲ ಬದಲಾಯಿಸಿದರೆ ಮೀನಿನ ಮೈಯಲ್ಲಿ ಒಂದೂ ಉಳಿಯುವುದಿಲ್ಲ. 1987ರಲ್ಲಿ ಆತ ಪ್ರಕಟಿಸಿದ ಈ ವಿಧಾನಕ್ಕೆ ಒಂದು ಹನಿ ಔಷಧವೂ ಬೇಡ. 1994ರಲ್ಲಿ ಬರ್ಜೆಸ್ ಮತ್ತು ಮ್ಯಾಥ್ಯೂಸ್ ಇನ್ನೊಂದು ಸಂಗತಿ ಸೇರಿಸಿದರು. ಕಡಲಿನ ಈ ಜೀವಿ ಮೀನನ್ನು ಬಿಟ್ಟಿಳಿಯುವುದು ಹೆಚ್ಚಾಗಿ ಕತ್ತಲಲ್ಲಿ, ಮೀನು ತಳದ ಹತ್ತಿರ ಮಲಗಿರುವಾಗ. ಮರಿಗಳು ಹೊರಬರುವುದೂ ನಸುಕಿಗೆ ಮುಂಚಿನ ಕತ್ತಲಲ್ಲೇ.

ಮೀನಿಗೂ ತನ್ನದೇ ಕಾವಲು ಇದೆ. ರೋಗದಿಂದ ಬದುಕುಳಿದ ಮೀನಿಗೆ ಅದು ಮತ್ತೆ ಸುಲಭಕ್ಕೆ ಹಿಡಿಯುವುದಿಲ್ಲ ಎಂಬುದನ್ನು 1910ರ ಸುಮಾರಿಗೆ ಜರ್ಮನಿಯ ಬುಷ್ಕೀಲ್ ಗಮನಿಸಿದ್ದ. ಯಾಕೆ ಎಂಬುದಕ್ಕೆ 1996ರಲ್ಲಿ ಅಮೆರಿಕದ ಕ್ಲಾರ್ಕ್, ಲಿನ್ ಮತ್ತು ಡಿಕರ್‌ಸನ್ ಉತ್ತರ ಕೊಟ್ಟರು. ಮೀನಿನ ಪ್ರತಿಕಾಯಗಳು ಚರ್ಮದೊಳಗೆ ಹೊಕ್ಕ ಜೀವಿಯ ಮೈಮೇಲಿನ ಪ್ರೋಟೀನಿಗೆ ಅಂಟಿಕೊಂಡಾಗ, ಅದು ಸಾಯುವ ಬದಲು ಬಲಿಯುವ ಮುಂಚೆಯೇ ಮೀನನ್ನು ಬಿಟ್ಟು ಓಡಿಹೋಗುತ್ತದೆ. ಚೆನ್ನಾಗಿ ಸಾಕಿದ ಮೀನು ಈ ರೋಗವನ್ನು ಹೆಚ್ಚು ತಡೆಯುತ್ತದೆ. ಪ್ರಯಾಣದಲ್ಲಿ ಬಳಲಿದ, ಕೊಳೆನೀರಿನಲ್ಲಿ ಇರುವ, ಚಳಿ ಬಡಿದ ಮೀನು ಸೋಲುತ್ತದೆ.

ಈ ಎಲ್ಲ ಕೆಲಸದಿಂದ ಮನೆಯ ತೊಟ್ಟಿಗೆ ಬೇಕಾದ್ದು ಇಷ್ಟು. ಬೆಂಗಳೂರು, ಮೈಸೂರಿನ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಹೀಟರ್ ಇಲ್ಲದ ತೊಟ್ಟಿ ತಣ್ಣಗಾಗುತ್ತದೆ. ಆಗ ಮೀನಿನ ಶಕ್ತಿ ಕುಗ್ಗುತ್ತದೆ, ರೋಗಾಣುವಿನ ಜೀವನಚಕ್ರವೂ ಉದ್ದವಾಗುತ್ತದೆ. 25 ಡಿಗ್ರಿಯಲ್ಲಿ ವಾರದೊಳಗೆ ಮುಗಿಯುವ ಚಕ್ರ ತೀರಾ ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಬೆಚ್ಚಗಿನ ನೀರಿನ ಮೀನುಗಳಾದರೆ ದಿನಕ್ಕೆ ಒಂದೆರಡು ಡಿಗ್ರಿಯಂತೆ ನೀರನ್ನು 28–30ರವರೆಗೆ ಏರಿಸಿ, ಚಕ್ರ ಬೇಗ ತಿರುಗಿ ಮರಿಗಳು ಬೇಗ ಔಷಧಕ್ಕೆ ಸಿಗುತ್ತವೆ. ಗೋಲ್ಡ್‌ಫಿಶ್‌ಗೆ ಇಷ್ಟು ಬಿಸಿ ಬೇಡ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಫಾರ್ಮಾಲಿನ್ ಅದನ್ನು ಇನ್ನಷ್ಟು ತಗ್ಗಿಸುತ್ತದೆ, ಆದ್ದರಿಂದ ಏರ್ ಪಂಪ್ ಹಗಲು ರಾತ್ರಿ ಓಡಲಿ. ಲೋಚ್, ಕ್ಯಾಟ್‌ಫಿಶ್‌ನಂಥ ಮೀನುಗಳಿಗೆ ಮ್ಯಾಲಕೈಟ್ ಗ್ರೀನ್ ಬೇಗ ನಂಜಾಗುತ್ತದೆ, ಅವಕ್ಕೆ ಅರ್ಧ ಅಳತೆಯೇ ಸಾಕು. ಔಷಧ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಜಲ್ಲಿಯ ತಳವನ್ನು ಪೈಪಿನಿಂದ ಎಳೆದು ತೆಗೆಯಿರಿ, ಕೋಶಗಳು ಇರುವುದು ಅಲ್ಲೇ.

ಕೊನೆಯ ಚುಕ್ಕೆ ಕಾಣದಾದ ಮೇಲೂ ಕನಿಷ್ಠ ಒಂದು ವಾರ ಚಿಕಿತ್ಸೆ ಬಿಡಬೇಡಿ, ನೀರು ತಣ್ಣಗಿದ್ದರೆ ಇನ್ನೂ ಹೆಚ್ಚು ದಿನ. ಹೊಸದಾಗಿ ತಂದ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ, ಆಮೇಲೆ ಉಳಿದವುಗಳ ಜೊತೆ ಬಿಡಿ. ಬಿಳಿಚುಕ್ಕೆ ಗುಣವಾಗದ ರೋಗವಲ್ಲ. ಅದರ ದಿನಲೆಕ್ಕ ತಿಳಿದು, ಕಡೆಯವರೆಗೆ ಬಿಡದೆ ಚಿಕಿತ್ಸೆ ಮಾಡಿದವರ ತೊಟ್ಟಿಯಲ್ಲಿ ಅದು ಸಾಮಾನ್ಯವಾಗಿ ವಾಸಿಯಾಗುತ್ತದೆ.