ಡಿಗ್ರಿ ಒಂದು, ವೀಸಾದ ಮೇಲಿನ ಹುದ್ದೆ ಇನ್ನೊಂದು

ಎಂಜಿನಿಯರಿಂಗ್ ಓದಿದವರು ಅಂಗಡಿಯ ಲೆಕ್ಕ ಬರೆಯುವುದು, ನರ್ಸಿಂಗ್ ಕಲಿತವರು ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂರುವುದು, ಬಿ.ಎಡ್. ಮಾಡಿದವರು ಫ್ಲ್ಯಾಟಿನಲ್ಲೇ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡಿರುವುದು ಪರದೇಶಕ್ಕೆ ಹೋದ ವಿದ್ಯಾವಂತರ ಪಾಲಿಗೆ ಹೊಸ ಸಂಗತಿಯಲ್ಲ. ಜಗತ್ತಿನ ಎಲ್ಲ ವಲಸೆ ದೇಶಗಳಲ್ಲೂ ಇದು ಕಾಣುತ್ತದೆ. ಕರ್ನಾಟಕದಲ್ಲಿ ಇದನ್ನು ಹತ್ತಿರದಿಂದ ನೋಡಬೇಕಾದರೆ ಭಟ್ಕಳ ಸೀಮೆಗೆ ಬರಬೇಕು. ಭಟ್ಕಳ ಪಟ್ಟಣ, ಅದಕ್ಕೆ ತಾಗಿದ ಹೆಬಳೆ, ಜಾಲಿ, ಮೇಲಕ್ಕೆ ಶಿರಾಲಿ, ಮುರ್ಡೇಶ್ವರ, ಹೊನ್ನಾವರ ತಾಲ್ಲೂಕಿನ ವಲ್ಕಿ, ಉಪ್ಪೋಣಿ ಇವೆಲ್ಲ ಕೊಲ್ಲಿ ದೇಶಗಳ ದುಡಿಮೆಯನ್ನು ನೆಚ್ಚಿಕೊಂಡ ಊರುಗಳು.

ಈ ಕರಾವಳಿಯವರು ಹೊರಗೆ ಹೋಗಿ ದುಡಿಯುವುದು ಪೆಟ್ರೋಲಿನ ಕಾಲಕ್ಕಿಂತ ಹಳೆಯದು. ಭಟ್ಕಳದ ನವಾಯತ ವ್ಯಾಪಾರಿಗಳು ಮುಂಬಯಿ, ಮದ್ರಾಸು, ಕಲ್ಕತ್ತೆಗಳಲ್ಲಿ ಅಂಗಡಿ ಇಟ್ಟವರು. 1970ರ ದಶಕದಲ್ಲಿ ತೈಲದ ಬೆಲೆ ಏರಿ ಅರಬ್ ನಾಡುಗಳಲ್ಲಿ ಕಟ್ಟಡ ಕೆಲಸ ಶುರುವಾದಾಗ ಅದೇ ವ್ಯಾಪಾರದ ಬಳ್ಳಿ ದುಬೈ, ದಮ್ಮಾಮ್, ಜೆಡ್ಡಾಗಳಿಗೆ ಹಬ್ಬಿತು. ನಾಮಧಾರಿ, ಮೊಗೇರ, ದೇವಾಡಿಗ, ಕೊಂಕಣಿ ಕುಟುಂಬಗಳ ಹುಡುಗರೂ ಅದರ ಹಿಂದೆ ಹೋದರು. ಹೆಬಳೆಯ ತೆಂಗಿನಗುಂಡಿ ಬಂದರಿನಲ್ಲಿ ದೋಣಿ ಬಲ್ಲವರಿಗೆ ಸಮುದ್ರದಾಚೆಯ ಊರು ಬಹಳ ದೂರದ್ದು ಅನಿಸಿರಲಾರದು. 2006ರ ಅಕ್ಟೋಬರಿನಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲೆ ಮುಂಬಯಿ ಸುತ್ತುವುದೂ ತಪ್ಪಿತು.

ಓದು ಬಂದದ್ದು ಇದರ ಜೊತೆಜೊತೆಗೇ. 1919ರಲ್ಲಿ ಹುಟ್ಟಿದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಶಾಲೆಗಳನ್ನು ಕಟ್ಟಿತು. 1980ರ ಸುಮಾರಿಗೆ ಭಟ್ಕಳದಲ್ಲಿ ಎಂಜಿನಿಯರಿಂಗ್ ಕಾಲೇಜನ್ನೇ ತೆರೆಯಿತು. ತಾಲ್ಲೂಕು ಕೇಂದ್ರವೊಂದರಲ್ಲಿ ಎಂಜಿನಿಯರಿಂಗ್ ಕಾಲೇಜು ಆಗ ಅಪರೂಪದ ಮಾತು. ಕುಮಟೆಯ ಬಾಳಿಗಾ ಕಾಲೇಜು, ಹೊನ್ನಾವರದ ಎಸ್‌ಡಿಎಂ ಕಾಲೇಜುಗಳಿಂದಲೂ ವರ್ಷವರ್ಷ ಪದವೀಧರರು ಹೊರಬಂದರು. ಅವರಲ್ಲಿ ಹೆಚ್ಚಿನವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ನಿಜ. ಆದರೆ ಅಣ್ಣನೋ ಮಾವನೋ ಆಗಲೇ ದುಬೈಯಲ್ಲಿರುವ ಮನೆಗಳಲ್ಲಿ ಡಿಗ್ರಿ ಕೈಗೆ ಬಂದ ಮೇಲಿನ ಮೊದಲ ಯೋಚನೆ ಪಾಸ್‌ಪೋರ್ಟಿನದು.

ಹೋಗುವ ದಾರಿ ಬಹುತೇಕ ಒಂದೇ ರೀತಿಯದು. ವಿಸಿಟ್ ವೀಸಾದಲ್ಲಿ ಹೋಗಿ, ಪರಿಚಯದವರ ರೂಮಿನಲ್ಲಿ ಬೆಡ್ ಸ್ಪೇಸ್ ಹಿಡಿದು, ಅವಧಿ ಮುಗಿಯುವುದರೊಳಗೆ ಕೆಲಸ ಹುಡುಕುವುದು. ಊರ ಜಮಾತುಗಳು, ಗೆಳೆಯರು, ಬಂಧುಗಳು ಈ ಹೊತ್ತಿನಲ್ಲಿ ಕೈಬಿಡುವುದಿಲ್ಲ. ಊಟಕ್ಕೆ, ಹಾಸಿಗೆಗೆ ಕೊರತೆಯಿಲ್ಲ. ತೊಡಕು ಇರುವುದೂ ಇಲ್ಲೇ. ಬಂಧುಗಳು ವ್ಯಾಪಾರಿಗಳು, ಅವರ ಕೈಯಲ್ಲಿರುವುದು ವ್ಯಾಪಾರದ ಕೆಲಸ. ವೀಸಾ ದಿನ ಕರಗುತ್ತ ಬಂದಂತೆ ಸಿವಿಲ್ ಎಂಜಿನಿಯರ್ ಕೂಡ ಬಟ್ಟೆಯಂಗಡಿಯ ಸೇಲ್ಸ್‌ಮನ್ ಆಗಿಯೋ ಗೋದಾಮಿನ ಸ್ಟೋರ್‌ಕೀಪರ್ ಆಗಿಯೋ ಒಪ್ಪಿಕೊಳ್ಳುತ್ತಾನೆ. ‘ಸದ್ಯಕ್ಕೆ ಸೇರಿಕೊ, ಆಮೇಲೆ ನೋಡಿದರಾಯ್ತು’ ಎನ್ನುವುದು ಪ್ರೀತಿಯ ಮಾತೇ. ಆದರೆ ಹೊಸಬನನ್ನು ಉಪವಾಸದಿಂದ ಉಳಿಸುವ ಬಳಗವೇ ಅವನನ್ನು ಅವನ ವೃತ್ತಿಯಿಂದ ದೂರ ಇಡುವುದೂ ಉಂಟು.

ಏಕೆಂದರೆ ಕೊಲ್ಲಿ ದೇಶಗಳಲ್ಲಿ ಮನುಷ್ಯನ ಹುದ್ದೆ ಅವನ ವೀಸಾದ ಮೇಲೆ, ಇಕಾಮಾ ಎಂಬ ವಾಸದ ಪರವಾನಗಿಯ ಮೇಲೆ ಅಚ್ಚಾಗಿರುತ್ತದೆ. ಅರಬ್ಬಿಯಲ್ಲಿ ಇದನ್ನು ಮಿಹ್ನಾ ಎನ್ನುತ್ತಾರೆ. ಸೇಲ್ಸ್‌ಮನ್ ಎಂದು ಅಚ್ಚಾದವನು ಕಂಪನಿಯೊಳಗೆ ಡ್ರಾಯಿಂಗ್ ಮಾಡುತ್ತಿದ್ದರೂ ಕಾನೂನಿನ ಕಣ್ಣಿಗೆ ಸೇಲ್ಸ್‌ಮನ್. ಅವನಿಗೆ ಸಿಗುವ ಅನುಭವ ಪತ್ರವೂ ಹಾಗೆಯೇ. ಓದು, ಸಂಬಳ, ಹುದ್ದೆಗಳ ಲೆಕ್ಕ ಕೆಲಸದಾಚೆಗೂ ಹೋಗುತ್ತದೆ. ಕುವೈತಿನಲ್ಲಿ ವಿದೇಶಿಯರಿಗೆ ಡ್ರೈವಿಂಗ್ ಲೈಸೆನ್ಸ್ ಸಿಗಲು ಸಾಮಾನ್ಯವಾಗಿ ಪದವಿ, 600 ದಿನಾರ್ ಸಂಬಳ, ಎರಡು ವರ್ಷದ ವಾಸ ಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಬಹಳ ಕಾಲ ಹುದ್ದೆಯೇ ಲೆಕ್ಕಕ್ಕೆ ಬರುತ್ತಿತ್ತು. 2019ರಲ್ಲಿ ಅದನ್ನು ಕೈಬಿಟ್ಟು ಸಂಬಳವನ್ನು ಮಾತ್ರ ನೋಡುವ ನಿಯಮ ತಂದರು. ಹುದ್ದೆ ಬದಲಿಸಿಕೊಳ್ಳಲು ದಾರಿಯೇನೋ ಇದೆ. ಅದಕ್ಕೆ ಮಾಲೀಕನ ಒಪ್ಪಿಗೆ ಬೇಕು, ಅಟೆಸ್ಟೇಶನ್ ಆದ ಸರ್ಟಿಫಿಕೇಟ್ ಬೇಕು.

ಅಟೆಸ್ಟೇಶನ್ ಎಂಬುದು ಊರಲ್ಲಿದ್ದಾಗ ಮಾಡಿಸದೆ ಹೋದವರನ್ನು ಕಾಡುವ ಕೆಲಸ. ಡಿಗ್ರಿ ಸರ್ಟಿಫಿಕೇಟು ಮೊದಲು ರಾಜ್ಯ ಸರ್ಕಾರದ ಮಟ್ಟದಲ್ಲಿ, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯದಲ್ಲಿ ದೃಢೀಕರಣವಾಗಬೇಕು. ಒಂದು ದೇಶದ ದೃಢೀಕರಣವನ್ನು ಇನ್ನೊಂದು ಒಪ್ಪುವ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶವಾದರೆ ಅಲ್ಲಿಗೆ ಮುಗಿಯಿತು. ಭಾರತ 2005ರಲ್ಲಿ ಸೇರಿದೆ. ಒಮಾನ್, ಬಹರೈನ್‌ಗಳು ಆಮೇಲೆ ಸೇರಿದವು. ಸೌದಿ ಅರೇಬಿಯಾಕ್ಕೆ ಅದು 2022ರ ಡಿಸೆಂಬರಿನಿಂದ ಅನ್ವಯ. ದುಬೈ, ಕುವೈತ್, ಕತಾರ್‌ಗಳಿಗೆ ಹೋಗುವವರು ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಗಾಗಿ ಇನ್ನೊಂದು ಮೆಟ್ಟಿಲು ಹತ್ತಬೇಕಾಗಿ ಬಂದಿದೆ. ಹೆಸರಿನ ಗೋಜಲು ಬೇರೆ. ನಮ್ಮ ಮಾರ್ಕ್ಸ್‌ಕಾರ್ಡುಗಳಲ್ಲಿ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ತಂದೆಯ ಹೆಸರೋ ಮನೆತನದ ಹೆಸರೋ ಆಗಿರುತ್ತದೆ, ಕೆಲವರಿಗೆ ಒಂದೇ ಹೆಸರು. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದನ್ನು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ನಿಲ್ಲಿಸಿತು.

ಮುದ್ರೆಗಳೆಲ್ಲ ಬಿದ್ದ ಮೇಲೂ ಡಿಗ್ರಿ ನಿಲ್ಲುತ್ತದೆಂಬ ಭರವಸೆಯಿಲ್ಲ ಎಂಬುದಕ್ಕೆ ಕುವೈತಿನ ಪ್ರಕರಣವೇ ಸಾಕ್ಷಿ. 2018ರ ಮಾರ್ಚಿನಲ್ಲಿ ಅಲ್ಲಿನ ಮಾನವಶಕ್ತಿ ಪ್ರಾಧಿಕಾರ ಹೊಸ ನಿಯಮ ಮಾಡಿತು: ಎಂಜಿನಿಯರ್ ಹುದ್ದೆಯಲ್ಲಿ ಇಕಾಮಾ ನವೀಕರಿಸಬೇಕಾದರೆ ಕುವೈತ್ ಎಂಜಿನಿಯರುಗಳ ಸೊಸೈಟಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಸೊಸೈಟಿಯು ಭಾರತದ ಪದವಿಗಳಿಗೆ ಎನ್‌ಬಿಎ, ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಪಟ್ಟಿಯನ್ನೇ ಅಳತೆಗೋಲು ಮಾಡಿಕೊಂಡಿತು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದಕ್ಕೂ ಮುಂಚೆ ಓದಿದವರು ಆ ಮುದ್ರೆಯನ್ನು ಎಲ್ಲಿಂದ ತರಬೇಕು? ಮೇಲಾಗಿ ಎನ್‌ಬಿಎ ಇಡೀ ಕಾಲೇಜಿಗೆ ಮಾನ್ಯತೆ ಕೊಡುವುದಿಲ್ಲ; ಒಂದೊಂದು ಕೋರ್ಸಿಗೆ, ಅದೂ ಇಂತಿಷ್ಟು ವರ್ಷಕ್ಕೆಂದು ಕೊಡುತ್ತದೆ. ಒಂದೇ ಕಾಲೇಜಿನ ಅಣ್ಣನ ಪದವಿ ನಿಂತು ತಮ್ಮನದು ಬೀಳುವುದು ಸಾಧ್ಯವಿತ್ತು. ಐಐಟಿಯಂಥ ಸಂಸ್ಥೆಗಳಲ್ಲಿ ಓದಿದವರೂ ಸಿಕ್ಕಿಬಿದ್ದರು. ಇಪ್ಪತ್ತು ವರ್ಷ ಸೇತುವೆ, ರಿಫೈನರಿ ಕಟ್ಟಿದವರು ಅಲ್ಲಿ ಉಳಿಯುವ ಸಲುವಾಗಿ ಹುದ್ದೆಯ ಹೆಸರನ್ನೇ ಬದಲಿಸಿಕೊಂಡರು. ವಿಷಯ ಎರಡೂ ಸರ್ಕಾರಗಳ ಮಾತುಕತೆಗೆ ಬಂತು. ಕೆಲಸ ಗೊತ್ತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಪಟ್ಟಿಯನ್ನು ಕೇಳಿದರು ಎಂಬುದು ಈ ಪ್ರಕರಣದ ವಿಚಿತ್ರ.

ಭಟ್ಕಳದಂಥ ಊರಿನ ಕಾಲೇಜುಗಳಿಗೆ ಇದು ಇನ್ನಷ್ಟು ತಾಗುತ್ತದೆ. ಇಲ್ಲಿನ ಹಳೆಯ ಎಂಜಿನಿಯರುಗಳ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. 1998ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಬಂದ ಮೇಲಿನವರದು ಬೆಳಗಾವಿಯದು. ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ಏರ್ಪಾಡು ಇದು. ಆದರೆ ಇದರ ಪ್ರಯೋಜನ ಎನ್‌ಬಿಎಯ ಮೊದಲ ಶ್ರೇಣಿಯಲ್ಲಿ ಮಾನ್ಯತೆ ಪಡೆದ, ಸ್ವಾಯತ್ತ ಸಂಸ್ಥೆಗಳ ಕೋರ್ಸುಗಳಿಗೆ ಮಾತ್ರ. ವಿಶ್ವವಿದ್ಯಾಲಯಕ್ಕೆ ಸೇರಿಕೊಂಡು ನಡೆಯುವ ಸಾಮಾನ್ಯ ಕಾಲೇಜುಗಳು ಎರಡನೆಯ ಶ್ರೇಣಿಯವು. ಸೀಟು ತೆಗೆದುಕೊಳ್ಳುವ ದಿನ ಇದನ್ನು ವಿಚಾರಿಸುವ ತಂದೆತಾಯಿ ವಿರಳ.

ಸೌದಿಯ ಬಾಗಿಲು ಬೇರೆ ರೀತಿಯಲ್ಲಿ ಕಿರಿದಾಯಿತು. 2011ರ ನಿತಾಕತ್ ನಿಯಮದಿಂದ ಕಂಪನಿಗಳು ಸೌದಿ ಪ್ರಜೆಗಳಿಗೆ ಕೆಲಸದಲ್ಲಿ ಪಾಲು ಕೊಡಲೇಬೇಕಾಯಿತು. 2016ರಲ್ಲಿ ಮೊಬೈಲ್ ಅಂಗಡಿಗಳ ಕೆಲಸ ವಿದೇಶಿಯರ ಕೈತಪ್ಪಿತು. 2017ರ ಜುಲೈಯಿಂದ ಜೊತೆಗಿರುವ ಹೆಂಡತಿ ಮಕ್ಕಳಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ವರ್ಷವರ್ಷ ಏರಿ 400 ಮುಟ್ಟಿತು. ಅನೇಕರು ಸಂಸಾರವನ್ನು ಊರಿಗೆ ಕಳಿಸಿದರು. 2018ರಲ್ಲಿ ಎಂಜಿನಿಯರುಗಳ ಮಂಡಳಿ ಐದು ವರ್ಷ ಅನುಭವವಿಲ್ಲದ ವಿದೇಶಿ ಎಂಜಿನಿಯರುಗಳನ್ನು ಕರೆಸುವಂತಿಲ್ಲ ಎಂದಿತು. ಕಾಲೇಜಿನಿಂದ ನೇರ ವಿಮಾನ ಹತ್ತುವ ಹುಡುಗರ ಲೆಕ್ಕಾಚಾರ ಅಲ್ಲಿಗೆ ತಲೆಕೆಳಗಾಯಿತು.

ವೈದ್ಯರು, ನರ್ಸುಗಳದು ತುಸು ಬೇರೆ ಕತೆ. ದುಬೈಯಲ್ಲಾದರೆ ಅವರ ಪ್ರಮಾಣಪತ್ರಗಳನ್ನು ಕೊಟ್ಟ ಸಂಸ್ಥೆಯಿಂದಲೇ ಪರಿಶೀಲಿಸುತ್ತಾರೆ, ಕಂಪ್ಯೂಟರಿನ ಮುಂದೆ ಪರೀಕ್ಷೆ ಇರುತ್ತದೆ, ಪಾಸಾದರೆ ಲೈಸೆನ್ಸ್. ಕಷ್ಟವಾದರೂ ಇದು ಕಣ್ಣಿಗೆ ಕಾಣುವ ದಾರಿ. ಇಂಗ್ಲೆಂಡಿನಲ್ಲಿ ಹೊರದೇಶದ ವೈದ್ಯರಿಗೆ ಪ್ಲ್ಯಾಬ್ ಪರೀಕ್ಷೆ ಇದೆ. ಅಮೆರಿಕದಲ್ಲಿ ಪರೀಕ್ಷೆ ದಾಟಿದ ಮೇಲೂ ರೆಸಿಡೆನ್ಸಿ ಸೀಟು ಸಿಗದೆ ಲ್ಯಾಬುಗಳಲ್ಲಿ ಸಹಾಯಕರಾಗಿ ಕಾಯುವ ವೈದ್ಯರಿದ್ದಾರೆ. ಇತ್ತ ಊರಿನಲ್ಲಿ, ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ 2019ರಿಂದ ಕೂಗುತ್ತಿದ್ದಾರೆ. ಅಪಘಾತವಾದರೆ ಇಲ್ಲಿಂದ ಮಣಿಪಾಲಕ್ಕೆ ಓಡಬೇಕು. ಅದೇ ಹೊತ್ತಿಗೆ ಎಲ್ಲೋ ಒಂದು ಕಡೆ ವೈದ್ಯನೊಬ್ಬ ಕೆಲಸಕ್ಕಾಗಿ ಕಾಯುತ್ತಿರುತ್ತಾನೆ ಎಂಬುದು ನುಂಗಲಾಗದ ಮಾತು.

ಕೊಲ್ಲಿ ಬಿಗಿಯಾದಂತೆ ಕೆನಡಾದ ಆಸೆ ಬಲಿತಿದೆ. 2015ರಲ್ಲಿ ಅಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿ ಬಂತು. ಓದು, ವಯಸ್ಸು, ಇಂಗ್ಲಿಷಿಗೆ ಅಂಕ ಕೊಟ್ಟು ಕರೆಯುತ್ತಾರೆ. ವಲಸೆಗೆ ಅಂಕ ತಂದುಕೊಟ್ಟ ಡಿಗ್ರಿಯೇ ಅಲ್ಲಿಳಿದ ಮೇಲೆ ವೃತ್ತಿಗೆ ಸಾಲುವುದಿಲ್ಲ. ವಲಸೆಗೆ ಅನುಮತಿ ಕೊಡುವುದು ಸರ್ಕಾರ, ಎಂಜಿನಿಯರ್ ಎಂದು ಲೈಸೆನ್ಸ್ ಕೊಡುವುದು ಪ್ರಾಂತ್ಯದ ವೃತ್ತಿ ಮಂಡಳಿ. ಕೆನಡಾದಲ್ಲೇ ಕೆಲಸ ಮಾಡಿದ ಅನುಭವ ಇದೆಯೇ ಎಂಬ ಪ್ರಶ್ನೆಗೆ ಹೊಸಬರಲ್ಲಿ ಉತ್ತರವಿರಲಿಲ್ಲ. ಇದು ತಾರತಮ್ಯ ಎಂದು ಒಂಟಾರಿಯೊದ ಮಾನವ ಹಕ್ಕು ಆಯೋಗ 2013ರಲ್ಲೇ ಹೇಳಿತು. ಅಲ್ಲಿನ ಎಂಜಿನಿಯರುಗಳ ಮಂಡಳಿ ಆ ಷರತ್ತನ್ನು ಕೈಬಿಟ್ಟದ್ದು ಹತ್ತು ವರ್ಷ ಕಳೆದು, 2023ರಲ್ಲಿ.

ಹೆಂಗಸರ ಓದಿನ ಲೆಕ್ಕವಂತೂ ಹೆಚ್ಚಿನ ಕಡೆ ಯಾರೂ ಇಡುವುದಿಲ್ಲ. ಭಟ್ಕಳದಲ್ಲಿ ಹುಡುಗಿಯರ ಕಾಲೇಜಿದೆ, ಪದವೀಧರೆಯರು ತುಂಬಿದ್ದಾರೆ. ಮದುವೆಯಾಗಿ ಗಂಡನ ವೀಸಾದಲ್ಲಿ ಹೋದವಳ ಗುರುತುಪತ್ರದಲ್ಲಿ ಅವಳು ಅವಲಂಬಿತೆ. ಕೆಲಸ ಮಾಡಬೇಕೆಂದರೆ ಬೇರೆಯೇ ಪರವಾನಗಿ, ಅದಕ್ಕೂ ಅದೇ ಅಟೆಸ್ಟೇಶನ್. ಅವಳ ಸರ್ಟಿಫಿಕೇಟು ಊರಿನ ಕಪಾಟಿನಲ್ಲಿರುತ್ತದೆ.

ಇಷ್ಟೆಲ್ಲ ತೊಡಕಿನಲ್ಲಿ ದೊಡ್ಡ ಪಾಲು ಹೊರಡುವ ಮೊದಲೇ ಬಿಡಿಸಿಕೊಳ್ಳಬಹುದಾದದ್ದು. ಸರ್ಟಿಫಿಕೇಟುಗಳಲ್ಲಿ, ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ ಆಗಿರಲಿ. ಅಟೆಸ್ಟೇಶನ್ ಊರಲ್ಲೇ ಮುಗಿಯಲಿ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಎರಡು ಮೂರು ವರ್ಷ ಸ್ವಂತ ವೃತ್ತಿಯ ಅನುಭವ ಪತ್ರ ಕೈಗೆ ಬರಲಿ. ಏಜೆಂಟ್ ಮೂಲಕ ಹೋಗುವುದಾದರೆ ಅವನು 1983ರ ವಲಸೆ ಕಾಯ್ದೆಯಡಿ ನೋಂದಾಯಿತನೇ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಅಂಥವನು ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಕೊನೆಯದಾಗಿ, ವೀಸಾದ ಪ್ರತಿ ಬಂದಾಗ ಸಂಬಳದ ಅಂಕಿಯನ್ನಷ್ಟೇ ನೋಡಿ ಟಿಕೆಟ್ ಮಾಡಿಸಬೇಡಿ. 1962ರಿಂದ ಜಾಮಿಯಾ ಇಸ್ಲಾಮಿಯಾ ಇರುವ ಭಟ್ಕಳದಲ್ಲಿ ಅರಬ್ಬಿ ಬಲ್ಲವರಿಗೆ ಬರವಿಲ್ಲ. ಹುದ್ದೆಯ ಜಾಗದಲ್ಲಿ ಏನು ಬರೆದಿದೆಯೆಂದು ಅವರಲ್ಲೊಬ್ಬರಿಂದ ಓದಿಸಿಕೊಂಡು, ಆಮೇಲೆ ವಿಮಾನ ಹತ್ತಿ.