ಅಪಸ್ವರದ ನೆಲೆ

ಶೃಂಗೇರಿಯ ಸೀಮೆಯಲ್ಲಿ ತಂತಿವಾದ್ಯವೆಂದರೆ ಮೊದಲು ನೆನಪಾಗುವುದು ವೀಣೆಯೇ. ಅದರ 24 ಮೆಟ್ಟಿಲುಗಳು ಮೇಣದಲ್ಲಿ ಕುಳಿತಿರುತ್ತವೆ. ಸ್ವರ ತಪ್ಪಿದರೆ ಮೇಣ ಕಾಯಿಸಿ ಹೊಸದಾಗಿ ಮೇಳ ಕಟ್ಟಬಹುದು. ಗಿಟಾರಿನ ಮೆಟ್ಟಿಲು ಮರದೊಳಗೆ ನಾಟಿದ ಲೋಹ, ಅದು ಕದಲದು.

ಮೆಣಸೆಯ ನಮ್ಮ ಮನೆಗೆ ತಮ್ಮನ ಮಗಳು ತಂದದ್ದು ಯಾರೋ ನುಡಿಸಿ ಮಾರಿದ ವಿದ್ಯುತ್ ಗಿಟಾರು. ಬಿಟ್ಟ ತಂತಿಗಳು ಶ್ರುತಿಯಲ್ಲಿದ್ದುವು. ಮೊದಲ ಮೆಟ್ಟಿಲಲ್ಲಿ ಒತ್ತಿದೊಡನೆ ಸ್ವರ ಏರುತ್ತಿತ್ತು. ತನ್ನ ಕಿವಿಯೇ ಸರಿಯಿಲ್ಲವೆಂದು ಹುಡುಗಿ ಅದನ್ನು ಮೂಲೆಗೊರಗಿಸಿದಳು.

ದೋಷವಿದ್ದದ್ದು ‘ನಟ್’ನಲ್ಲಿ: ಬಿರಡೆಗಳತ್ತ ಸಾಗುವ ಮುನ್ನ ತಂತಿಗಳು ಕೂರುವ, ಆರು ಗೀರುಗಳುಳ್ಳ ಮೂಳೆಯ ಪಟ್ಟಿ ಅದು. ಎರಡನೆಯ, ಮೂರನೆಯ ಮೆಟ್ಟಿಲುಗಳ ನಡುವೆ ತಂತಿಯನ್ನೊತ್ತಿದರೆ ಮೊದಲನೆಯದರ ಮೇಲೆ ಕೂದಲೆಳೆಯಷ್ಟೇ ತೆರಪಿರಬೇಕು. ಇಲ್ಲಿ ಐದು ತಂತಿಗಳಡಿ ದಪ್ಪ ರಟ್ಟೇ ನುಸುಳುವಂತಿತ್ತು. ಅಷ್ಟು ಕೆಳಕ್ಕೆ ಬಾಗಿದ ತಂತಿ ಬಿಗಿಯದೆ, ಸ್ವರ ಏರದೆ, ಇನ್ನೇನಾದೀತು? ಮಿಕ್ಕ ಒಂದು ಗೀರು ತೀರ ಆಳ. ಬಿಟ್ಟ ತಂತಿ ಮೊದಲ ಮೆಟ್ಟಿಲಿಗೆ ತಾಗಿ ಝೇಂಕರಿಸುತ್ತಿತ್ತು. ತಂಬೂರಿಯ ಕುದುರೆಯ ಮೇಲೆ ನೂಲಿಟ್ಟು ನಾವು ಬೇಡಿ ತರಿಸಿಕೊಳ್ಳುವ ಝೇಂಕಾರ ಇಲ್ಲಿ ಕೊರತೆಯೆನಿಸಿತು!

ಅಕ್ಕಸಾಲಿಗರು ಬಳಸುವಂಥ ಸಣ್ಣ ಅರಗಳಲ್ಲಿ ಆಯಾ ತಂತಿಯ ದಪ್ಪಕ್ಕೆ ತಕ್ಕುದನ್ನು ಹಿಡಿದು, ಬಿರಡೆಗಳ ಕಡೆಗೆ ಇಳಿಜಾರಾಗಿ ಐದನ್ನೂ ಉಜ್ಜಿದೆ. ನಾಲ್ಕು ಸಲ ಉಜ್ಜಿದರೆ ಒಮ್ಮೆ ತಂತಿ ಕೂರಿಸಿ ನೋಡುವುದು, ಆತುರಗಾರರ ಕೆಲಸವಲ್ಲ. ಉದುರಿದ ಮೂಳೆಯ ಪುಡಿಯನ್ನೇ ಆಳದ ಗೀರಿಗೆ ತುಂಬಿ, ಅಂಟು ಬಿಟ್ಟು, ಗಟ್ಟಿಯಾದ ಮೇಲೆ ಮತ್ತೆ ಕೊರೆದೆ. ಎರಡು ಸಂಜೆ ಹಿಡಿಯಿತು.

ಹುಡುಗಿ ಮೊದಲ ಮೆಟ್ಟಿಲಲ್ಲೇ ಹಿಡಿಯಬೇಕಾದ ‘ಎಫ್’ ಸ್ವರಗುಚ್ಛವನ್ನು ಮೀಟಿ, ತಲೆಯೆತ್ತದೆ ಕೇಳಿದಳು: “ದೊಡ್ಡಪ್ಪ, ಹಾಗಾದ್ರೆ ನನ್ನ ಕಿವಿ ಸರಿಯಾಗೇ ಇತ್ತಾ?”